ಇಎಸ್‌ಪಿಎನ್ ಹೋಯಿತೆಂದು ಕಂಪನಿ ಬದಲಿಸಬೇಕೆ? ಡೈರೆಕ್‌ಟಿವಿ, ಡಿಶ್ ನೆಟ್‌ವರ್ಕ್ ಒಂದು ವಿಮರ್ಶೆ

2024ರ ಸೆಪ್ಟೆಂಬರ್ 1ರ ಭಾನುವಾರ ಸಂಜೆ, ಕಾಲೇಜು ಫುಟ್‌ಬಾಲ್ ಪಂದ್ಯ ಶುರುವಾಗುವ ಸ್ವಲ್ಪ ಮೊದಲು ಅಮೆರಿಕದ ಉಪಗ್ರಹ ಟಿವಿ ಕಂಪನಿ ಡೈರೆಕ್‌ಟಿವಿಯಲ್ಲಿ ಕ್ರೀಡಾ ಚಾನೆಲ್ ಇಎಸ್‌ಪಿಎನ್ ನಿಂತುಹೋಯಿತು. ಆ ಚಾನೆಲ್‌ನ ಒಡೆತನದ ಡಿಸ್ನಿ ಜೊತೆಗಿನ ಒಪ್ಪಂದದ ಅವಧಿ ಮುಗಿದಿತ್ತು. 1.1 ಕೋಟಿಗೂ ಹೆಚ್ಚು ಗ್ರಾಹಕರು ಚಾನೆಲ್ ಕಳೆದುಕೊಂಡರು. ಸೆಪ್ಟೆಂಬರ್ 14ಕ್ಕೆ ರಾಜಿಯಾಗಿ ಚಾನೆಲ್‌ಗಳು ಮರಳಿದವು. ಆದರೆ ಆ ಎರಡು ವಾರದೊಳಗೆ ಸಿಟ್ಟಿಗೆದ್ದು ಕಂಪನಿ ಬಿಟ್ಟವರ ಖರ್ಚು ಮರಳುವಂಥದ್ದಲ್ಲ.

ಡೈರೆಕ್‌ಟಿವಿ, ಅದರ ಪ್ರತಿಸ್ಪರ್ಧಿ ಡಿಶ್ ನೆಟ್‌ವರ್ಕ್, ಈ ಎರಡೂ ಕಂಪನಿಗಳ 24 ತಿಂಗಳ ಕರಾರಿನಲ್ಲಿ ನಡುವೆ ಬಿಟ್ಟರೆ ಉಳಿದ ಪ್ರತಿ ತಿಂಗಳಿಗೆ 20 ಡಾಲರ್ ದಂಡ. 14 ತಿಂಗಳು ಬಾಕಿಯಿದ್ದರೆ 280 ಡಾಲರ್. "ಚಾನೆಲ್ ಕೊಡದಿದ್ದದ್ದು ನೀವೇ ಅಲ್ಲವೇ" ಎಂಬ ವಾದ ನಡೆಯದು, ಚಾನೆಲ್‌ಗಳನ್ನು ಬದಲಿಸುವ ಹಕ್ಕನ್ನು ಕಂಪನಿ ಕರಾರಿನಲ್ಲೇ ಇಟ್ಟುಕೊಂಡಿರುತ್ತದೆ. ಇದು ಗ್ರಾಹಕರಿಗೆ ಆಗುವ ನೇರ ಅನ್ಯಾಯ. ಬಿಲ್‌ನಲ್ಲಿ ರಿಯಾಯಿತಿ ಬೇಕಿದ್ದರೆ ನೀವೇ ಕೇಳಿ, ಕೇಳದೆ ಸಿಗುತ್ತದೆಂದು ಕಾಯಬೇಡಿ.

ಹೋಗುವ ಕಡೆಯಾದರೂ ನೆಮ್ಮದಿ ಇದೆಯೇ? ಡಿಶ್ ನೆಟ್‌ವರ್ಕ್‌ನಿಂದ 2018ರ ನವೆಂಬರ್ 1ರಂದು ಹೋದ ಎಚ್‌ಬಿಒ ತಿರುಗಿ ಬಂದದ್ದು 2021ರ ಜುಲೈಯಲ್ಲಿ. ಡಿಸ್ನಿ ಚಾನೆಲ್‌ಗಳು ಅಲ್ಲಿ 2022ರ ಅಕ್ಟೋಬರ್‌ನಲ್ಲಿ ಎರಡು ದಿನ ಇರಲಿಲ್ಲ. ಡೈರೆಕ್‌ಟಿವಿಯಲ್ಲಿ ನೆಕ್ಸ್‌ಸ್ಟಾರ್ ಎಂಬ ಪ್ರಸಾರ ಕಂಪನಿಯ ಸ್ಥಳೀಯ ಚಾನೆಲ್‌ಗಳು 2023ರಲ್ಲಿ ಎರಡೂವರೆ ತಿಂಗಳು ಕಾಣಲಿಲ್ಲ. ಈ ವಿಷಯದಲ್ಲಿ ಎರಡಕ್ಕೂ ನಾವು ಕೊಡುವ ಅಂಕ ಕಡಿಮೆಯೇ.

ಯಂತ್ರದ ಮಾತಿಗೆ ಬಂದರೆ, ಒಂದರ ಡಿಶ್ ಆಂಟೆನಾ, ರಿಸೀವರ್ ಇನ್ನೊಂದಕ್ಕೆ ಆಗುವುದಿಲ್ಲ. ಡೈರೆಕ್‌ಟಿವಿಯ ತಟ್ಟೆ ಮುಖ್ಯವಾಗಿ 99, 101, 103 ಡಿಗ್ರಿ ಪಶ್ಚಿಮ ರೇಖಾಂಶದ ಉಪಗ್ರಹಗಳನ್ನು ನೋಡುತ್ತದೆ; ಡಿಶ್ ನೆಟ್‌ವರ್ಕ್‌ನದು ಅದೇ ಲೆಕ್ಕದಲ್ಲಿ 110, 119, 129 ಅಥವಾ ಇನ್ನಷ್ಟು ಪೂರ್ವಕ್ಕಿರುವ 61.5, 72.7. ತಟ್ಟೆಯ ದಿಕ್ಕೇ ಬದಲಾಗುವುದರಿಂದ ಇಂದು ಅಡ್ಡಿಯಾಗದ ಮರ ನಾಳೆ ಅಡ್ಡಿಯಾಗಬಹುದು, ಸಹಿ ಹಾಕುವ ಮೊದಲೇ ಜಾಗ ನೋಡಿಸಿ. ಗೋಡೆಯೊಳಗಿನ ಆರ್‌ಜಿ-6 ಎಂಬ ಟಿವಿ ಕೇಬಲ್ ಚೆನ್ನಾಗಿದ್ದರೆ ಸಾಮಾನ್ಯವಾಗಿ ಉಳಿಯುತ್ತದೆ, ಅದನ್ನು ಹಲವು ಟಿವಿಗೆ ಕವಲೊಡೆಸುವ ಸ್ಪ್ಲಿಟರ್ ಉಳಿಯುವುದಿಲ್ಲ. ಡಿವಿಆರ್‌ನಲ್ಲಿ ರೆಕಾರ್ಡ್ ಮಾಡಿಟ್ಟದ್ದೆಲ್ಲ ಹೋಯಿತೆಂದೇ ತಿಳಿಯಿರಿ. ಅದು ಗೂಢಲಿಪಿಯಲ್ಲಿದ್ದು, ಹೊಸ ಕಂಪನಿಯ ಪೆಟ್ಟಿಗೆಯಲ್ಲಿ ಓಡುವುದಿಲ್ಲ.

ಹೋಗಿರುವುದು ಎಬಿಸಿ, ಸಿಬಿಎಸ್, ಎನ್‌ಬಿಸಿ, ಫಾಕ್ಸ್ ಎಂಬ ದೊಡ್ಡ ಟಿವಿ ಜಾಲಗಳ ಸ್ಥಳೀಯ ಪ್ರಸಾರವಾದರೆ ಸಾದಾ ಟಿವಿ ಆಂಟೆನಾ ಸಾಕು, ಅವು ಗಾಳಿಯಲ್ಲೇ ಉಚಿತ. ಆಂಟೆನಾವನ್ನು ನೇರವಾಗಿ ಟಿವಿಗೆ ಜೋಡಿಸಿ, ಮೆನುವಿನಲ್ಲಿ ಚಾನೆಲ್ ಸ್ಕ್ಯಾನ್ ಮಾಡಿ. ನ್ಯೂಯಾರ್ಕ್, ಲಾಸ್ ಏಂಜಲಿಸ್‌ಗಳಲ್ಲಿ ಎಬಿಸಿ ಬರುವುದು ವಿಎಚ್ಎಫ್ (ಕಡಿಮೆ ಆವರ್ತನದ ಪಟ್ಟಿ) ನ 7ನೇ ಚಾನೆಲ್‌ನಲ್ಲಿ. ಕಿಟಕಿಗೆ ಅಂಟಿಸುವ ತೆಳು ಆಂಟೆನಾಗಳಲ್ಲಿ ಹೆಚ್ಚಿನವು ಯುಎಚ್ಎಫ್‌ಗೆ (ಹೆಚ್ಚು ಆವರ್ತನದ ಪಟ್ಟಿಗೆ) ಮಾಡಿದವು. ಉಳಿದೆಲ್ಲ ಚಾನೆಲ್ ಸಿಕ್ಕು ಎಬಿಸಿ ಮಾತ್ರ ಚೌಕಚೌಕವಾಗಿ ಒಡೆದರೆ ಕಾರಣ ಬಹುಶಃ ಇದೇ. ವಿಎಚ್ಎಫ್ ಕಡ್ಡಿಗಳಿರುವ ಆಂಟೆನಾ ಕೊಳ್ಳಿ. ಇಎಸ್‌ಪಿಎನ್ ಮಾತ್ರ ಈ ದಾರಿಯಲ್ಲಿ ಸಿಗದು. ಅದಕ್ಕೆ ತಿಂಗಳ ಮಟ್ಟಿಗಿನ ಇಂಟರ್ನೆಟ್ ಚಂದಾ ಹಿಡಿದು, ಚಾನೆಲ್ ಬಂದ ಮೇಲೆ ನಿಲ್ಲಿಸುವುದು ದಂಡ ಕಟ್ಟುವುದಕ್ಕಿಂತ ಅಗ್ಗ.

ಕರಾರು ಮುಗಿದಿದ್ದು, ಚಾನೆಲ್ ತಿಂಗಳುಗಟ್ಟಲೆ ಬಾರದಿದ್ದರೆ ಖಂಡಿತ ಬದಲಿಸಿ. ಹೊಸದು ಮನೆಯಲ್ಲಿ ಸರಿಯಾಗಿ ಓಡಿದ ಮೇಲಷ್ಟೇ ಹಳೆಯದನ್ನು ರದ್ದು ಮಾಡಿ. ಬಾಡಿಗೆ ಪೆಟ್ಟಿಗೆಗಳ ಸೀರಿಯಲ್ ನಂಬರಿನ ಫೋಟೋ ತೆಗೆದು, ವಾಪಸ್ ಕಳಿಸಿದ ರಸೀದಿಯನ್ನು ಕೊನೆಯ ಬಿಲ್ ತೀರುವವರೆಗೆ ಇಟ್ಟುಕೊಳ್ಳಿ.