ಇಎಂಡಿಆರ್, ಬ್ರೈನ್‌ಸ್ಪಾಟಿಂಗ್ ಎರಡನ್ನೂ ಮಾಡಿಸಿಕೊಂಡ ಮೇಲೆ

ಎರಡೂ ಮನಸ್ಸಿಗೆ ಬಿದ್ದ ಪೆಟ್ಟಿಗೆ ಕಣ್ಣಿನ ಚಲನೆ ಅಥವಾ ನೋಟ ಬಳಸಿ ಕೊಡುವ ಥೆರಪಿಗಳು. ಮೊದಲೇ ಹೇಳಿಬಿಡುತ್ತೇನೆ, ಒಂದೇ ಒಂದು ಘಟನೆ ಕಣ್ಣಿಗೆ ಕಟ್ಟಿದ ಹಾಗೆ ಮತ್ತೆ ಮತ್ತೆ ಬರುತ್ತಿದ್ದರೆ ಇಎಂಡಿಆರ್‌ಗೆ ಹೋಗಿ. ನನ್ನದು ಕಾಸರಗೋಡು ಜಿಲ್ಲೆಯ ಹೊಸಂಗಡಿ ಹತ್ತಿರ ಹೈವೇಯಲ್ಲಿ ಆದ ಅಪಘಾತ. ಅಣ್ಣನ ಬೈಕಿನಲ್ಲಿ ಹಿಂದೆ ಕೂತಿದ್ದೆ. ಗಾಯ ಬೇಗ ಮಾಸಿತು, ಆದರೆ ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ಹಿಂದಿನಿಂದ ಲಾರಿ ಹಾರನ್ ಕೇಳಿದರೆ ಸಾಕು, ಕೈ ಬೆವರಿ ಮುಂದಿನ ಸ್ಟಾಪಿನಲ್ಲೇ ಇಳಿದುಬಿಡುತ್ತಿದ್ದೆ.

ಇಎಂಡಿಆರ್ ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ರಾನ್ಸಿನ್ ಶಪೀರೋ 1987ರಲ್ಲಿ ಶುರು ಮಾಡಿದ್ದು. ಒಟ್ಟು ಎಂಟು ಹಂತ, ಎಲ್ಲಕ್ಕೂ ಲೆಕ್ಕ ಇದೆ. ಅತಿ ಕೆಟ್ಟ ದೃಶ್ಯ ಯಾವುದು, ಅದು ಬಂದಾಗ ನಿಮ್ಮ ಬಗ್ಗೆ ನಿಮಗೇ ಏನನಿಸುತ್ತದೆ, ಸಂಕಟಕ್ಕೆ 0ಯಿಂದ 10ರೊಳಗೆ ಎಷ್ಟು ಅಂಕ, ಎಲ್ಲ ಕೇಳುತ್ತಾರೆ. ನನಗೆ ಬಂದ ಮಾತು 'ನನ್ನ ಕೈಲಿ ಏನೂ ಇಲ್ಲ'. ಆಮೇಲೆ ಥೆರಪಿಸ್ಟ್ ಬೆರಳನ್ನು ಎಡಕ್ಕೆ ಬಲಕ್ಕೆ ಆಡಿಸುತ್ತಾರೆ, ದೃಶ್ಯ ಮನಸ್ಸಲ್ಲಿ ಇಟ್ಟುಕೊಂಡೇ ಕಣ್ಣು ಅದರ ಹಿಂದೆ ಹೋಗಬೇಕು. ಸ್ವಲ್ಪ ಹೊತ್ತಿಗೆ ನಿಲ್ಲಿಸಿ 'ಈಗೇನು ಬಂತು?' ಅಂತಾರೆ, ಮತ್ತೆ ಶುರು. ಒಂದೇ ಸಲಕ್ಕೆ ಎರಡು ಕೆಲಸ ಆದಾಗ ದೃಶ್ಯದ ಬಿಸಿ ಆರುತ್ತದೆ ಅನ್ನೋದು ಒಂದು ವಿವರಣೆ. ಕಣ್ಣಾಡಿಸೋದು ನಿಜಕ್ಕೂ ಬೇಕಾ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ನನಗಂತೂ ಲಾರಿಯ ಚಿತ್ರ ದೂರ ಸರಿಯಿತು, ಹಾರನ್ ಬರೀ ಹಾರನ್ ಆಯಿತು.

ಬ್ರೈನ್‌ಸ್ಪಾಟಿಂಗ್ ಇದರಿಂದಲೇ ಹುಟ್ಟಿದ್ದು. ಇಎಂಡಿಆರ್ ಮಾಡುತ್ತಿದ್ದ ಥೆರಪಿಸ್ಟ್ ಡೇವಿಡ್ ಗ್ರಾಂಡ್ 2003ರಲ್ಲಿ ಒಬ್ಬ ಸ್ಕೇಟಿಂಗ್ ಹುಡುಗಿಯ ಕಣ್ಣು ಒಂದೇ ಕಡೆ ನಡುಗಿ ನಿಂತಿದ್ದನ್ನು ಗಮನಿಸಿ ಕಂಡುಕೊಂಡಿದ್ದು. ಇಲ್ಲಿ ಕಣ್ಣು ಓಡುವುದಿಲ್ಲ. ಎತ್ತ ನೋಡಿದರೆ ಎದೆ ಬಿಗಿತ ಜಾಸ್ತಿ ಆಗುತ್ತದೋ ಆ ಜಾಗ ಹುಡುಕಿ ಅಲ್ಲೇ ನೋಟ ನಿಲ್ಲಿಸಿ ಸುಮ್ನೆ ಕೂರಬೇಕು. ನಾನು ಆನ್‌ಲೈನ್‌ನಲ್ಲಿ ಮಾಡಿದೆ, ಸ್ಕ್ರೀನ್ ಪಕ್ಕದ ಗೋಡೆಯೇ ನನ್ನ ಜಾಗ. ಕಿವಿಯಲ್ಲಿ ಹೆಡ್‌ಫೋನ್, ಎಡದಿಂದ ಬಲಕ್ಕೆ ಮೆಲ್ಲಗೆ ಹೋಗಿ ಬರುವ ಸದ್ದು. ಮೊದಮೊದಲು ಇದಕ್ಕೆಲ್ಲ ದುಡ್ಡು ಕೊಡಬೇಕಾ ಅನಿಸಿತು! ಆದರೆ ಅಪಘಾತಕ್ಕಿಂತ ಹಿಂದಿನ ಏನೇನೋ ಭಾರ, ಹೇಳೋಕೆ ಕಥೆಯೇ ಇಲ್ಲದಂಥದ್ದು, ಅತ್ತು ಹೋಗಿದ್ದು ಇಲ್ಲೇ.

ನಮ್ಮ ಕಾಸರಗೋಡಿನವರಿಗೆ ಇನ್ನೊಂದು ವಿಷಯವೂ ಇದೆ. ಅಂಗಡಿಯಲ್ಲಿ, ಆಫೀಸಲ್ಲಿ ಮಲಯಾಳಂ ಸಲೀಸು, ಆದರೆ ಇಎಂಡಿಆರ್‌ನಲ್ಲಿ ಒಳಗಿನ ಮಾತನ್ನು ಆರಿಸಿ ಹೇಳಬೇಕಲ್ವಾ, ನನಗೆ ಅದು ಕನ್ನಡದಲ್ಲೇ ಆಗಬೇಕಿತ್ತು. ಹಾಗಾಗಿ ತಲಪಾಡಿ ದಾಟಿ ಮಂಗಳೂರಿಗೆ, ಅದೂ ಅದೇ ಹೈವೇಯಲ್ಲಿ. ಬ್ರೈನ್‌ಸ್ಪಾಟಿಂಗ್ ಮಾಡಿಸಿದವರು ಮಲಯಾಳಿ ಮೇಡಂ. ಮಾತೇ ಕಡಿಮೆ, ತೊಂದರೆ ಆಗಲಿಲ್ಲ.

ಹಾಗಂತ ಎರಡೂ ಸಮ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಇಂಥ ಆಘಾತದ ನಂತರದ ತೊಂದರೆಗೆ ಚಿಕಿತ್ಸೆಯಾಗಿ ಇಎಂಡಿಆರ್ ಹೆಸರು ಹೇಳಿದೆ. ಬ್ರೈನ್‌ಸ್ಪಾಟಿಂಗ್ ಬಗ್ಗೆ ನಡೆದ ಅಧ್ಯಯನಗಳೇ ಕಡಿಮೆ. ಮಿದುಳಿನ ಆಳಕ್ಕೆ ನೇರ ಇಳಿಯುತ್ತದೆ ಅಂತ ಯಾರಾದರೂ ಖಡಾಖಂಡಿತವಾಗಿ ಹೇಳಿದರೆ ನಾನು ನಂಬಲ್ಲ. ವಿಡಿಯೋ ನೋಡಿ ಒಬ್ಬರೇ ಮಾಡಲು ಹೋಗಬೇಡಿ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳದೆ ಬಿಡಬೇಡಿ. ಇಎಂಡಿಆರ್ ಆದ ದಿನ ತಲೆ ಭಾರ ಇರುತ್ತದೆ, ರಾತ್ರಿ ಕನಸೂ ಜಾಸ್ತಿ, ಆವತ್ತು ಗಾಡಿ ನೀವೇ ಓಡಿಸಬೇಡಿ.