ಹಳೇ ಬಾಟಲಿಯ ಲೇಬಲ್ಲು, ಪಾರ್ಕ್ ಮಾಡಿದ ಡೊಮೇನು: ಕೆಲವು ವರ್ಷ ಬಳಸಿ ಬರೆದದ್ದು

ಡೊಮೇನ್ (ಅಂದರೆ ವೆಬ್‌ಸೈಟಿನ ಹೆಸರು) ಮಾರುವ ಕಂಪನಿಯವರು ನಾವು ಬಳಸದ ಹೆಸರಿಗೆ ತಮ್ಮದೇ ಪುಟ ಹಾಕಿ ‘ಫ್ರೀ ಪಾರ್ಕಿಂಗ್’ ಅಂತ ಕೊಡುವುದನ್ನು ಹಾಗೇ ಬಿಡಬೇಡಿ. ಹೆಸರು ಕೊಂಡ ದಿನವೇ ಬದಲಿಸಿ. ಅದೇ ಹೆಸರನ್ನು ನಿಮ್ಮ ಹೋಸ್ಟಿಂಗ್ ಖಾತೆಯೊಳಗೆ, ಅಂದರೆ ಸೈಟು ಇಡಲು ಬಾಡಿಗೆಗೆ ಪಡೆದ ಜಾಗದಲ್ಲಿ, ಪಾರ್ಕ್ ಮಾಡಿದರೆ ಮಾತ್ರ ಅದು ಬಹಳ ಉಪಕಾರಿ. ಎರಡನ್ನೂ ಪಾರ್ಕಿಂಗ್ ಅಂತಲೇ ಕರೆಯುತ್ತಾರೆ, ಆದರೆ ಮಾಡುವ ಕೆಲಸ ಪೂರ್ತಿ ಬೇರೆ. ನಾನು ಎರಡನ್ನೂ ಬಳಸಿದ್ದೇನೆ. ಮೊದಲನೆಯದರ ಮೇಲೆ ಸಿಟ್ಟು ಇನ್ನೂ ಇಳಿದಿಲ್ಲ, ಎರಡನೆಯದನ್ನು ಬಿಟ್ಟು ಈಗ ನಮ್ಮ ವ್ಯಾಪಾರವೇ ನಡೆಯುವುದಿಲ್ಲ.

ನಮ್ಮದು ಶಿರಸಿ ಹತ್ತಿರದ ಹಳ್ಳಿ. ಆಯಿ, ಅತ್ತಿಗೆ, ನಾನು ಸೇರಿ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇವೆ. ಶುರುವಿನಲ್ಲಿ ಉಪ್ಪಿನಕಾಯಿ ಒಂದೇ ಇತ್ತು, ಹಾಗಾಗಿ ವೆಬ್‌ಸೈಟಿನ ಹೆಸರಲ್ಲೂ ಅಪ್ಪೆಮಿಡಿಯೇ ಇತ್ತು. ಆಮೇಲೆ ಹಲಸಿನ ಹಪ್ಪಳ ಬಂತು, ಜೋನಿಬೆಲ್ಲ ಬಂತು, ಮುರುಗಲು ಸಿರಪ್ಪೂ ಬಂತು. ಉಪ್ಪಿನಕಾಯಿ ಹೆಸರಿನ ಅಂಗಡಿಯಲ್ಲಿ ಬೆಲ್ಲ ಮಾರುವುದು ಸರಿ ಕಾಣಲಿಲ್ಲ. ಮನೆಯ ಹೆಸರಲ್ಲಿ ಒಂದು ಡಾಟ್ ಇನ್ ತೆಗೆದುಕೊಂಡು ಸೈಟನ್ನು ಅದಕ್ಕೆ ಸಾಗಿಸಿದೆವು.

ಹಳೇ ಹೆಸರನ್ನು ಬಿಟ್ಟುಬಿಡಿ, ಸುಮ್ನೆ ಯಾಕೆ ದುಡ್ಡು ಅಂತ ಬಹಳ ಜನ ಹೇಳಿದರು. ಬಿಡಲು ಆಗುವುದಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ಗೊತ್ತಿದ್ದವರಿಗೆ ಕಾರಣ ತಕ್ಷಣ ಹೊಳೆಯುತ್ತದೆ. ಮಿಡಿಯನ್ನು ಸರಿಯಾಗಿ ಉಪ್ಪಿಗೆ ಹಾಕಿದರೆ, ನೀರಿನ ಕೈ ತಾಗದಂತೆ ನೋಡಿಕೊಂಡರೆ ಅದು ವರ್ಷಗಟ್ಟಲೆ ಉಳಿಯುತ್ತದೆ. ಬೆಂಗಳೂರಲ್ಲಿ, ಮುಂಬೈಯಲ್ಲಿ ನಮ್ಮ ಗಿರಾಕಿಗಳು ಒಂದು ದೊಡ್ಡ ಬಾಟಲಿ ತರಿಸಿ, ಮೊಸರನ್ನಕ್ಕೆ ಒಂದೊಂದೇ ಮಿಡಿ ತೆಗೆದು ಬಹಳ ಕಾಲ ಉಣ್ಣುತ್ತಾರೆ. ಖಾಲಿ ಆದ ಮೇಲೂ ಗಾಜಿನ ಬಾಟಲಿ ಎಸೆಯುವುದಿಲ್ಲ, ತೊಳೆದು ಸಾಸಿವೆಯೋ ಹುಣಸೆಹಣ್ಣೋ ತುಂಬಿ ಇಡುತ್ತಾರೆ. ಲೇಬಲ್ಲು ಅಲ್ಲೇ ಇರುತ್ತದೆ. ಅದರ ಮೇಲೆ ನಮ್ಮ ಹಳೇ ವಿಳಾಸ ಇರುತ್ತದೆ. ಕ್ಯೂಆರ್ ಕೋಡಿನಲ್ಲಿ ಇರುವುದೂ ಅದೇ ವಿಳಾಸ, ಅಚ್ಚಾದ ಮೇಲೆ ಅದನ್ನು ಬದಲಿಸಲು ಬರುವುದಿಲ್ಲ. ಮತ್ತೆ ತರಿಸಬೇಕು ಅನ್ನಿಸಿದಾಗ ಅವರು ನೋಡುವುದು ಆ ಲೇಬಲ್ಲನ್ನೇ ಅಲ್ವಾ?

ಸೈಟು ಹೊಸ ಹೆಸರಿಗೆ ಹೋದ ಮೇಲೆ ಹಳೇ ಹೆಸರು ಅದನ್ನು ಮಾರಿದ ಕಂಪನಿಯ ಸುಪರ್ದಿಯಲ್ಲಿ ಉಳಿಯಿತು. ಅವರು ಅದನ್ನು ತಮ್ಮ ನೇಮ್‌ಸರ್ವರಿಗೆ (ಹೆಸರು ಹೊಡೆದರೆ ಯಾವ ಸರ್ವರಿಗೆ ಹೋಗಬೇಕು ಅಂತ ಹೇಳುವ ಕಂಪ್ಯೂಟರ್) ಹಾಕಿ, ತಮ್ಮದೇ ಒಂದು ಪುಟ ತೋರಿಸತೊಡಗಿದರು. ನಮಗೆ ಒಂದು ಮೇಲ್ ಇಲ್ಲ, ಕೇಳಿದ್ದಿಲ್ಲ. ಮುಂಬೈಯಿಂದ ದೊಡ್ಡಾಯಿ ಫೋನ್ ಮಾಡಿ, “ಕೂಸೇ, ಎಂತಾ ಇದು? ನಿಮ್ಮನೆ ಹೆಸರು ಹೊಡೆದ್ರೆ ಯಾರದ್ದೋ ಉಪ್ಪಿನಕಾಯಿ ಬತ್ತು!” ಅಂದಾಗಲೇ ಗೊತ್ತಾದದ್ದು.

ಹೌದು, ಬೇರೆಯವರ ಉಪ್ಪಿನಕಾಯಿಯೇ. ಇದರಲ್ಲಿ ಪವಾಡ ಏನೂ ಇಲ್ಲ. ಇಂಥ ಪುಟದಲ್ಲಿ ಬರಹ ಅಂತ ಒಂದು ಸಾಲೂ ಇರುವುದಿಲ್ಲ, ಇರುವುದು ಜಾಹೀರಾತಿನ ಕೊಂಡಿಗಳು ಮಾತ್ರ. ಯಾವ ಜಾಹೀರಾತು ಹಾಕಬೇಕು ಅನ್ನುವುದನ್ನು ಹೆಚ್ಚಾಗಿ ಡೊಮೇನ್ ಹೆಸರಿನಲ್ಲಿರುವ ಪದಗಳನ್ನೇ ನೋಡಿ ಆರಿಸುತ್ತಾರೆ. ಹೆಸರಲ್ಲಿ ಮಾವು, ಉಪ್ಪಿನಕಾಯಿ ಇದ್ದರೆ ಬರುವುದು ಉಪ್ಪಿನಕಾಯಿ ಮಾರುವ ದೊಡ್ಡ ಕಂಪನಿಗಳ ಕೊಂಡಿ. ಯಾರಾದರೂ ಅದನ್ನು ಒತ್ತಿದರೆ ದುಡ್ಡು ಪುಟ ನಡೆಸುವವರಿಗೆ ಹೋಗುತ್ತದೆ. ಹೆಸರಿಗೆ ವರ್ಷ ವರ್ಷ ದುಡ್ಡು ಕಟ್ಟುವುದು ನಾವು. ಆ ಹೆಸರನ್ನು ಲೇಬಲ್ಲಿಗೆ ಅಚ್ಚು ಹಾಕಿಸಿ ಊರೂರಿಗೆ ಕಳಿಸಿದ್ದೂ ನಾವು. ನಮ್ಮ ರುಚಿ ನಂಬಿ ಬಂದ ಗಿರಾಕಿಯನ್ನು ಕಾರ್ಖಾನೆ ಉಪ್ಪಿನಕಾಯಿ ಕಡೆ ಕಳಿಸಿ ಬೇರೆ ಯಾರೋ ಸಂಪಾದಿಸುವುದು ಅನ್ಯಾಯ. ಇದನ್ನು ನಾನು ಬೇರೆ ಯಾವ ಪದದಲ್ಲೂ ಹೇಳಲಾರೆ.

ಸಹಾಯವಾಣಿಗೆ ಬರೆದೆ. ‘ಇದು ಎಲ್ಲ ಗ್ರಾಹಕರಿಗೂ ಉಚಿತವಾಗಿ ಕೊಡುವ ಸೌಲಭ್ಯ’ ಅಂತ ಉತ್ತರ ಬಂತು. ಜಾಹೀರಾತು ಬೇಡ ಅಂದರೆ ಬೇರೆ ಪ್ಲಾನ್ ತೆಗೆದುಕೊಳ್ಳಿ ಅಂದರು. ನನ್ನ ಹೆಸರಿನ ಮೇಲೆ ಇನ್ನೊಬ್ಬರ ಬೋರ್ಡ್ ಇಳಿಸುವುದಕ್ಕೆ ನಾನೇ ದುಡ್ಡು ಕೊಡಬೇಕಂತೆ.

ಕಂಪನಿ ಯಾವುದು ಅಂತ ಕೇಳಬೇಡಿ. ಈ ಪದ್ಧತಿ ಬಹಳ ಕಡೆ ಇದೆ, ಹಳೆಯದೂ ಹೌದು. ಗೂಗಲ್ ಕೂಡ ಒಂದು ಕಾಲಕ್ಕೆ ಇಂಥ ಪುಟಗಳಿಗಾಗಿಯೇ ‘ಆಡ್‌ಸೆನ್ಸ್ ಫಾರ್ ಡೊಮೇನ್ಸ್’ ಅಂತ ಜಾಹೀರಾತು ಸೇವೆ ನಡೆಸುತ್ತಿತ್ತು, ಅದರಲ್ಲಿ ಸಾಮಾನ್ಯ ಜನರಿಗೆ ಕೊಟ್ಟಿದ್ದ ಭಾಗವನ್ನು 2012ರಲ್ಲಿ ನಿಲ್ಲಿಸಿತು. 2025ರಲ್ಲಿ ತನ್ನ ಜಾಹೀರಾತುದಾರರನ್ನು ಪಾರ್ಕ್ ಮಾಡಿದ ಪುಟಗಳಿಂದ ತಾನಾಗಿಯೇ ಹೊರಗಿಡಲು ಶುರು ಮಾಡಿತು, ಬೇಕು ಅಂದವರು ಮಾತ್ರ ಆಯ್ದುಕೊಳ್ಳಬೇಕಾಯಿತು. ಈ ವ್ಯವಹಾರ ಸೊರಗುತ್ತಿದೆ ಅನ್ನುವುದು ನನಗೆ ಸಂತೋಷದ ಸುದ್ದಿ.

ಇನ್ನು ಎರಡನೇ ಪಾರ್ಕಿಂಗ್. ನಮ್ಮ ಹೋಸ್ಟಿಂಗಿನಲ್ಲಿ ಸೈಟನ್ನು ನೋಡಿಕೊಳ್ಳಲು ಸಿಪ್ಯಾನೆಲ್ ಅನ್ನುವ ಪ್ಯಾನೆಲ್ ಇದೆ. ಅದರಲ್ಲಿ ಮೊದಲು ‘ಪಾರ್ಕ್ಡ್ ಡೊಮೇನ್ಸ್’ ಅಂತ ಇದ್ದದ್ದು ಆಮೇಲೆ ‘ಏಲಿಯಾಸಸ್’ ಆಯಿತು, ಈಗಿನ ಆವೃತ್ತಿಯಲ್ಲಿ ‘ಡೊಮೇನ್ಸ್’ ಒಳಗೇ ಸೇರಿದೆ. ಹಳೇ ಲೇಖನ ಓದಿಕೊಂಡು ಆ ಬಟನ್ ಹುಡುಕಬೇಡಿ. ಕೆಲಸ ಸರಳ. ಹೆಸರು ಕೊಂಡ ಕಡೆ ಹೋಗಿ ನೇಮ್‌ಸರ್ವರ್ ಜಾಗದಲ್ಲಿ ಹೋಸ್ಟಿಂಗಿನವರ ನೇಮ್‌ಸರ್ವರ್ ಬರೆಯಬೇಕು. ಆಮೇಲೆ ಪ್ಯಾನೆಲ್ಲಿನಲ್ಲಿ ಆ ಹೆಸರು ಸೇರಿಸಬೇಕು. ಅಷ್ಟೇ. ಮುಖ್ಯ ಸೈಟು ಯಾವುದೋ ಅದೇ ಈ ಹೆಸರಿಗೂ ತೆರೆಯುತ್ತದೆ. ಬದಲಾವಣೆ ಎಲ್ಲ ಕಡೆ ತಲುಪಲು 24ರಿಂದ 48 ಗಂಟೆ ಬೇಕಾಗಬಹುದು ಅನ್ನುತ್ತಾರೆ, ನಮ್ಮದು ಅದಕ್ಕಿಂತ ಬೇಗ ಆಯಿತು. ಬೇರೆ ಹೋಸ್ಟಿಂಗ್ ಬೇಡ, ಎರಡನೇ ಸೈಟು ಕಟ್ಟಬೇಕಿಲ್ಲ. ನಮ್ಮ ಬಜೆಟ್ಟಿನವರಿಗೆ ಇದೇ ದೊಡ್ಡ ಮಾತು.

ಎರಡು ವಿಷಯ ಮಾತ್ರ ನೋಡಿಕೊಳ್ಳಿ. ಸೇರಿಸಿದ ಕೂಡಲೇ ಬ್ರೌಸರ್ ‘ಸುರಕ್ಷಿತವಲ್ಲ’ ಅಂದರೆ ಗಾಬರಿ ಬೇಡ. ಸೈಟು ಸುರಕ್ಷಿತ ಅಂತ ಬ್ರೌಸರಿಗೆ ತೋರಿಸುವ, ಮುಖ್ಯ ಹೆಸರಿನ ಎಸ್‌ಎಸ್‌ಎಲ್ ಪ್ರಮಾಣಪತ್ರದಲ್ಲಿ ಈಗ ಸೇರಿಸಿದ ಹೆಸರು ಇನ್ನೂ ಬಂದಿರುವುದಿಲ್ಲ. ಹೆಸರು ನಿಮ್ಮ ಸರ್ವರಿಗೆ ಬಂದು ಮುಟ್ಟಿದ ಮೇಲೆ ಸಿಪ್ಯಾನೆಲ್ಲಿನಲ್ಲಿ ಆಟೋಎಸ್‌ಎಸ್‌ಎಲ್ ಮತ್ತೆ ಓಡಿಸಿದರೆ ಸೇರುತ್ತದೆ. ಇನ್ನೊಂದು, ಪಾರ್ಕ್ ಮಾಡಿ ಸುಮ್ಮನಾದರೆ ಒಂದೇ ಸೈಟು ಎರಡು ವಿಳಾಸದಲ್ಲಿ ನಿಲ್ಲುತ್ತದೆ. ಹುಡುಕುವ ಗೂಗಲ್‌ಗೆ ಯಾವುದು ಮೂಲ ಅಂತ ಗೊಂದಲ. ಅದಕ್ಕೆ 301 ರೀಡೈರೆಕ್ಟ್ ಹಾಕಿ. ಹಳೇ ಹೆಸರು ಒತ್ತಿದವರು ನೇರ ಹೊಸ ಹೆಸರಿಗೆ ಬಂದು ಇಳಿಯುತ್ತಾರೆ, ಮೇಲಿನ ವಿಳಾಸವೂ ಬದಲಾಗುತ್ತದೆ. ‘ಶಾಶ್ವತ’ ಅನ್ನುವುದನ್ನೇ ಆರಿಸಿ, ತಾತ್ಕಾಲಿಕ ಅಲ್ಲ.

ರೀಡೈರೆಕ್ಟ್ ಮಾಡುವಾಗಲೇ ನನಗೆ ಸಿಕ್ಕಿದ್ದು, ನಾನು ಎಣಿಸದೇ ಇದ್ದ ಖುಷಿ. ಪಾರ್ಕ್ ಮಾಡಿದ ಹೆಸರಿಗೆ ಬಂದವರ ಲೆಕ್ಕವನ್ನು ಸಿಪ್ಯಾನೆಲ್ ಬೇರೆಯಾಗಿ ಕೊಡುವುದಿಲ್ಲ, ಮುಖ್ಯ ಹೆಸರಿನ ಲೆಕ್ಕದಲ್ಲೇ ಬೆರೆಸಿಬಿಡುತ್ತದೆ. ಇದು ನಿಜವಾದ ಕೊರತೆ. ಅದಕ್ಕೆ ನಾನು ಪ್ರತಿ ಹೆಸರಿನ ರೀಡೈರೆಕ್ಟ್ ವಿಳಾಸದ ಕೊನೆಗೆ ಪ್ರಶ್ನೆ ಚಿಹ್ನೆ ಹಾಕಿ ಒಂದೊಂದು ಗುರುತು ಸೇರಿಸಿದೆ. ಹಳೇ ಬಾಟಲಿಗೆ ಒಂದು, ಮಾರಿಕಾಂಬಾ ಜಾತ್ರೆಯ ಅಂಗಡಿಯಲ್ಲಿ ಹಂಚಿದ ಚೀಟಿಗೆ ಒಂದು, ಸ್ಪೆಲ್ಲಿಂಗ್ ತಪ್ಪಿ ಬರುವವರಿಗೆ ಒಂದು. ಇಂಗ್ಲಿಷಿನಲ್ಲಿ ಅಪ್ಪೆಮಿಡಿ ಬರೆಯುವಾಗ ಒಬ್ಬರು ಒಂದೇ ಪಿ ಹಾಕುತ್ತಾರೆ, ಒಬ್ಬರು ಎರಡು, ಕೊನೆಯ ಡಿ ಜೊತೆ ಎಚ್ ಸೇರಿಸುವವರೂ ಇದ್ದಾರೆ. ಅದರಲ್ಲಿ ಜಾಸ್ತಿ ಬರುವ ಒಂದು ರೂಪವನ್ನೂ ಕೊಂಡು ಪಾರ್ಕ್ ಮಾಡಿದ್ದೇವೆ.

ಈಗ ಬೆಳಿಗ್ಗೆ ತೆಳ್ಳೇವು ತಿಂದು, ಚಾ ಲೋಟ ಹಿಡಿದು ಜಗಲಿಗೆ ಬರುತ್ತೇನೆ. ಸಿಗ್ನಲ್ ಸರಿಯಾಗಿ ಸಿಗುವುದು ಅಲ್ಲೇ, ಕಂಬದ ಪಕ್ಕ. ಮೊದಲು ವೈಫೈ ತೆಗೆದು ಮೊಬೈಲ್ ಡೇಟಾದಲ್ಲಿ, ಇನ್‌ಕಾಗ್ನಿಟೋ ಕಿಟಕಿಯಲ್ಲಿ, ಒಂದೊಂದೇ ಹೆಸರು ಹೊಡೆದು ನೋಡುತ್ತೇನೆ. ನಮ್ಮ ಫೋನಿಗೆ ಹಳೇ ಪುಟದ ನೆನಪು ಉಳಿದಿರಬಹುದು, ಗಿರಾಕಿಗೆ ಕಾಣುವುದೇ ನಮಗೂ ಕಾಣಬೇಕು ಅಂದರೆ ಹೀಗೇ ನೋಡಬೇಕು. ಎಲ್ಲವೂ ಮನೆಗೇ ಬಂದರೆ ಸಮಾಧಾನ. ಆಮೇಲೆ ಹಿಂದಿನ ದಿನ ಯಾವ ಗುರುತಿನಿಂದ ಯಾರು ಬಂದರು ಅಂತ ನೋಡುವುದು. ಹಳೇ ಬಾಟಲಿಯ ಗುರುತು ಕಂಡರೆ ಅತ್ತಿಗೆಯನ್ನು ಕರೆಯುತ್ತೇನೆ. ಅವಳು ಒಲೆ ಬಿಟ್ಟು ಬಂದು ನೋಡುತ್ತಾಳೆ. ಆರ್ಡರ್ ಆಗಿದ್ದರೆ ಊರು ಓದುತ್ತೇವೆ, ಪುಣೆ, ಮೈಸೂರು, ಹುಬ್ಬಳ್ಳಿ. ನಾವು ಯಾವತ್ತೋ ಮಾಡಿ ಕಳಿಸಿದ ಒಂದು ಬಾಟಲಿ ಯಾರದ್ದೋ ಅಡಿಗೆಮನೆಯ ನಾಗಂದಿಗೆಯಲ್ಲಿ ಇಷ್ಟು ಕಾಲ ಕೂತು ಮತ್ತೆ ನಮ್ಮನ್ನು ಹುಡುಕಿಸಿತಲ್ಲ ಅನ್ನುವುದು ಆಯಿಗೆ ದೊಡ್ಡ ಹೆಮ್ಮೆ. ನನಗೂ.

ಮಳೆಗಾಲದಲ್ಲಿ ಇಲ್ಲಿ ಕರೆಂಟೂ ನೆಟ್ಟೂ ಒಟ್ಟಿಗೇ ಹೋಗುತ್ತವೆ. ಆಗ ಬೆಳಗಿನ ತಪಾಸಣೆ ತಪ್ಪುತ್ತದೆ, ಆದರೆ ರೀಡೈರೆಕ್ಟ್ ಸರ್ವರಿನಲ್ಲಿ ಇರುವುದರಿಂದ ಅದಕ್ಕೆ ತೊಂದರೆ ಇಲ್ಲ. ನೇಮ್‌ಸರ್ವರ್ ಬದಲಿಸುವಂಥ ಕೆಲಸವನ್ನು ಮಾತ್ರ ಮಳೆ ಹಿಡಿಯುವ ಮೊದಲೇ ಮುಗಿಸುತ್ತೇನೆ. ಅರ್ಧಕ್ಕೆ ನೆಟ್ ಹೋದರೆ ಶಿರಸಿ ಪೇಟೆಗೆ ಓಡಬೇಕು.

ಮೇಲ್ ವಿಷಯ ಯಾರೂ ಹೇಳುವುದಿಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಹೆಸರು ಪಾರ್ಕ್ ಮಾಡಿದ ಮಾತ್ರಕ್ಕೆ ಹಳೇ ವಿಳಾಸದ ಮೇಲ್ ತಾನಾಗಿ ಬರುವುದಿಲ್ಲ. ‘ಫಾರ್ವರ್ಡರ್ಸ್’ ಒಳಗೆ ಹೋಗಿ ಹಳೇ ಹೆಸರಿನ ಮೇಲ್ ಹೊಸದಕ್ಕೆ ತಿರುಗಿಸಬೇಕು. ಇನ್ನು ಸ್ಪೆಲ್ಲಿಂಗಿಗಾಗಿ ಇಟ್ಟ ಹೆಸರಿನಿಂದ ನಾವು ಮೇಲ್ ಕಳಿಸುವುದೇ ಇಲ್ಲ. ಹೀಗೆ ಸುಮ್ಮನೆ ಬಿದ್ದಿರುವ ಹೆಸರನ್ನು ಮೋಸಗಾರರು ಕಳಿಸುವವರ ವಿಳಾಸವಾಗಿ ಹಾಕಿಕೊಂಡು ಮೇಲ್ ಬಿಡಬಹುದು. ಅದಕ್ಕೆ ಡಿಎನ್‌ಎಸ್‌ನಲ್ಲಿ (ಹೆಸರಿನ ಸೆಟ್ಟಿಂಗುಗಳ ಪಟ್ಟಿ) ಎರಡು ಸಾಲು ಸಾಕು. ಈ ಹೆಸರಿನಿಂದ ಮೇಲ್ ಕಳಿಸಲು ಯಾರಿಗೂ ಅನುಮತಿ ಇಲ್ಲ ಅನ್ನುವ ಎಸ್‌ಪಿಎಫ್ ಸಾಲು ಒಂದು, ಬಂದರೆ ತಿರಸ್ಕರಿಸಿ ಅನ್ನುವ ಡಿಮಾರ್ಕ್ ಸಾಲು ಇನ್ನೊಂದು. ತಿನ್ನುವ ಪದಾರ್ಥ ಮಾರುವವರಿಗೆ ಹೆಸರು ಕೆಟ್ಟರೆ ಮತ್ತೆ ಕಟ್ಟುವುದು ಕಷ್ಟ, ಇದನ್ನು ದಯವಿಟ್ಟು ಬಿಡಬೇಡಿ.

ಕನ್ನಡದಲ್ಲೂ ಒಂದು ಹೆಸರು ಇದೆ, ಡಾಟ್ ಭಾರತ. ಲೇಬಲ್ಲಿನ ಮೇಲೆ ಕನ್ನಡ ಅಕ್ಷರದ ವಿಳಾಸ ಬಹಳ ಚಂದ ಕಾಣುತ್ತದೆ. ಆದರೆ ಒಳಗೆ ಅದು ‘ಎಕ್ಸ್ ಎನ್’ ಅಂತ ಶುರುವಾಗುವ ಇಂಗ್ಲಿಷ್ ಅಕ್ಷರಗಳ ಸಾಲಾಗಿಯೇ ಓಡಾಡುತ್ತದೆ. ಕ್ರೋಮಿನ ಮೇಲಿನ ಪಟ್ಟಿಯಿಂದ ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದರೆ ಆ ಸಾಲೇ ಬಂದು ಕೂರುತ್ತದೆ. ಗಿರಾಕಿಗಳು ಇದು ಎಂತದೋ ವೈರಸ್ ಅಂತ ಹೆದರುತ್ತಾರೆ. ಮುಖ್ಯ ಹೆಸರಾಗಿ ಬೇಡ, ಪಾರ್ಕ್ ಮಾಡಿ ಇಡಲು ಒಳ್ಳೆಯದು. ನಮ್ಮ ಭಾಷೆಯ ಹೆಸರು ನಮ್ಮ ಹತ್ತಿರವೇ ಇರಲಿ ಅಂತ ನಾನು ಇಟ್ಟುಕೊಂಡಿದ್ದೇನೆ.

ಖರ್ಚು. ಮೊದಲ ವರ್ಷದ ದರ ನೋಡಿ ಹೆಸರು ಕೊಳ್ಳಬೇಡಿ, ನವೀಕರಣದ ದರ ನೋಡಿ. ಅದರ ಮೇಲೆ 18 ಶೇಕಡ ಜಿಎಸ್‌ಟಿ. ನಮಗೆ ಒಂದು ಡಾಟ್ ಕಾಂ ಹೆಸರಿನ ವರ್ಷದ ಖರ್ಚು ಅಂದರೆ ಸುಮಾರು ನಾಲ್ಕೈದು ಬಾಟಲಿ ಉಪ್ಪಿನಕಾಯಿ. ಹಳೇ ಹೆಸರಿಂದ ಅದಕ್ಕಿಂತ ಜಾಸ್ತಿ ಆರ್ಡರ್ ಬರುತ್ತದೆ, ಹಾಗಾಗಿ ಅದಕ್ಕೆ ಯೋಚನೆಯೇ ಇಲ್ಲ. ಜಾತ್ರೆಯ ಚೀಟಿಗೆಂದು ಕೊಂಡ ಹೆಸರು ಮಾತ್ರ ಬಿಡುತ್ತೇನೆ. ಜಾತ್ರೆ ಎರಡು ವರ್ಷಕ್ಕೊಮ್ಮೆ, ಚೀಟಿ ಯಾರೂ ಅಷ್ಟು ದಿನ ಇಟ್ಟುಕೊಳ್ಳುವುದಿಲ್ಲ.

ಬಾಟಲಿಯ ಹೆಸರಿನ ನವೀಕರಣ ತಪ್ಪಲು ಬಿಡಬಾರದು. ಅವಧಿ ಮುಗಿದರೆ ಹೆಸರು ಮತ್ತೆ ಅದೇ ಜಾಹೀರಾತಿನ ಪುಟಕ್ಕೆ ಹೋಗಬಹುದು. ಡಾಟ್ ಕಾಂ ಆದರೆ ಆಮೇಲೆ 30 ದಿನದ ರಿಡೆಂಪ್ಷನ್ ಅವಧಿ ಇರುತ್ತದೆ, ಅದರಲ್ಲಿ ಬಿಡಿಸಿಕೊಳ್ಳಲು ದಂಡ ಭಾರಿ. ಅದೂ ಮುಗಿದರೆ ಕೊನೆಯ 5 ದಿನ ಯಾರೂ ಏನೂ ಮಾಡುವಂತಿಲ್ಲ, ನಂತರ ಯಾರು ಬೇಕಾದರೂ ಕೊಳ್ಳಬಹುದು.

ಹಳೇ ಹೆಸರನ್ನು ಈಗಿನ ಕಂಪನಿಯಿಂದ ಬಿಡಿಸಿ ಬೇರೆ ಕಡೆ ವರ್ಗಾಯಿಸಲು ಕೋಡ್ ತೆಗೆದಿಟ್ಟಿದ್ದೇನೆ. ಡಾಟ್ ಕಾಂ ವರ್ಗಾವಣೆಯ ಜೊತೆಗೇ ಒಂದು ವರ್ಷ ಅವಧಿಯೂ ಸೇರುತ್ತದೆ, ಹಾಗಾಗಿ ಕೊಟ್ಟ ದುಡ್ಡು ಹಾಳಾಗುವುದಿಲ್ಲ. ಹೊಸದಾಗಿ ಕೊಂಡ ಹೆಸರಾದರೆ ಮೊದಲ 60 ದಿನ ಸಾಗಿಸಲು ಆಗುವುದಿಲ್ಲ, ನಮ್ಮದಕ್ಕೆ ಆ ತೊಂದರೆ ಇಲ್ಲ. ಹೊಸ ಕಡೆಯವರನ್ನು ಮೊದಲೇ ಕೇಳಿದ್ದೇನೆ, ನೇಮ್‌ಸರ್ವರ್ ಹಾಕದ ಹೆಸರಿಗೆ ಏನು ತೋರಿಸುತ್ತೀರಿ ಅಂತ. ಖಾಲಿ ಪುಟ, ಜಾಹೀರಾತು ಇಲ್ಲ ಅಂದಿದ್ದಾರೆ. ಸಾಗಿಸಿದ ಮೇಲೆ ಅದು ನಿಜವೋ ಅಲ್ಲವೋ ನೋಡಿ ಈ ವಿಮರ್ಶೆಗೇ ಸೇರಿಸುತ್ತೇನೆ.