ಗೋಲ್ಡ್‌ಫಿಷ್ ಕಿವಿರಿನ ಮೇಲೆ ಬಿಳಿ ಚುಕ್ಕೆ ಇದ್ಯಾ? ಮೊದಲು ಔಷಧಿ ಬಾಟ್ಲಿ ಪಕ್ಕಕ್ಕಿಡಿ

ಮನೆಯಲ್ಲಿ ಗೋಲ್ಡ್‌ಫಿಷ್ ಸಾಕಿರುವವರು ಇದನ್ನು ಪೂರ್ತಿ ಓದಿ. ಗಂಡು ಗೋಲ್ಡ್‌ಫಿಷ್ ಬೆದೆಗೆ ಬಂದಾಗ ಅದರ ಕಿವಿರಿನ ಮುಚ್ಚಳದ ಮೇಲೆ ಸಣ್ಣ ಸಣ್ಣ ಬಿಳಿ ಚುಕ್ಕೆ ಏಳುತ್ತವೆ. ಅದು ರೋಗ ಅಲ್ಲ. ಅದಕ್ಕೆ ಮದ್ದು ಬೇಡ. ಮೈಸೂರಿನಲ್ಲಿ ನಮ್ಮಕ್ಕನ ಮನೆಯ ಎರಡು ಒರಾಂಡಾ ತಳಿಯ ಗೋಲ್ಡ್‌ಫಿಷ್ ಸತ್ತಿದ್ದು ಈ ಚುಕ್ಕೆಗೆ ಅಂಗಡಿಯವನೊಬ್ಬ ಕೊಟ್ಟ ಮದ್ದಿನಿಂದ. ಅವನಿಗೆ ಗೊತ್ತಿರಲಿಲ್ವೋ, ಗೊತ್ತಿದ್ದೂ ಮಾರಿದನೋ, ಅವನೇ ಹೇಳಬೇಕು.

ಅಕ್ಕನ ಮನೆಯದು 60 ಲೀಟರಿನ ತೊಟ್ಟಿ, ಅದರಲ್ಲಿ ಮೂರು ಒರಾಂಡಾ. ಮೂರಕ್ಕೆ ಆ ತೊಟ್ಟಿ ಚಿಕ್ಕದೇ, ಅದು ಬೇರೆ ಮಾತು, ತೊಟ್ಟಿಯನ್ನೂ ಮೀನನ್ನೂ ಒಟ್ಟಿಗೆ ಮಾರಿದ್ದು ಇದೇ ಅಂಗಡಿ. ಆದರೂ ಫಿಲ್ಟರ್ ಚೆನ್ನಾಗಿ ಪಳಗಿತ್ತು (ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾ ಅದರಲ್ಲಿ ನೆಲೆಸಿದ್ದವು), ವಾರಕ್ಕೊಮ್ಮೆ ನೀರು ಬದಲಾಗುತ್ತಿತ್ತು, ಮೀನುಗಳು ಆರಾಮಾಗಿದ್ದವು. ಒಂದಿನ ದೊಡ್ಡ ಮೀನಿನ ಕಿವಿರಿನ ಮೇಲೆ ಚುಕ್ಕೆ ಕಂಡು ಅಕ್ಕನ ಮಗ ಗಾಬರಿಯಾಗಿ ಮೊಬೈಲಲ್ಲಿ ಫೋಟೋ ತೆಗೆದು ಅಂಗಡಿಗೆ ಓಡಿದ್ದಾನೆ. ಮೀನು ಊಟ ಮಾಡ್ತಿತ್ತು, ಈಜ್ತಿತ್ತು, ಉಳಿದೆರಡರ ಹಿಂದೆ ಬಿದ್ದು ಅಟ್ಟಾಡಿಸ್ತಿತ್ತು. ಅಂಗಡಿಯವನು ಇದ್ಯಾವುದನ್ನೂ ಕೇಳಲಿಲ್ಲ. ತೊಟ್ಟಿ ಎಷ್ಟು ಲೀಟರಿನದು ಅಂತಲೂ ಕೇಳಲಿಲ್ಲ. ಫೋಟೋ ದೊಡ್ಡದು ಮಾಡಿ ನೋಡಿ, "ವೈಟ್ ಸ್ಪಾಟ್ ಇದು. ಇವತ್ತೇ ಔಷಧಿ ಹಾಕಿಲ್ಲ ಅಂದ್ರೆ ನಾಳೆ ಬೆಳಿಗ್ಗೆಗೆ ಎಲ್ಲಾ ಹೋಗ್ತವೆ" ಅಂದ.

ಹುಡುಗ ಅಳೋದೊಂದು ಬಾಕಿ. ಅಕ್ಕ ಹೋಗಿ ಅವನು ಕೊಟ್ಟಿದ್ದನ್ನೆಲ್ಲ ತಂದಳು: ಒಂದು ನೀಲಿ ಬಾಟ್ಲಿ, ಲೇಬಲ್ಲೇ ಇಲ್ಲದ ಪ್ಲಾಸ್ಟಿಕ್ ಕವರಿನಲ್ಲಿ ಹಳದಿ ಪುಡಿ, ಒಂದು ಹೀಟರ್. ಸಾವಿರದ ಮೇಲೆ ಬಿಲ್ಲು. ಬಿಲ್ಲು ಅಂದೆ, ಬಿಲ್ಲೂ ಕೊಟ್ಟಿಲ್ಲ. ಜೊತೆಗೆ ಬಾಯಿಮಾತಿನ ಆದೇಶಗಳು. ನೀರು ಪೂರ್ತಿ ಚೆಲ್ಲಿ, ಫಿಲ್ಟರಿನ ಸ್ಪಾಂಜನ್ನು ನಲ್ಲಿ ಕೆಳಗೆ ಚೆನ್ನಾಗಿ ಉಜ್ಜಿ ತೊಳೆದು, ಹೊಸ ನೀರು ತುಂಬಿ, ಎರಡೂ ಔಷಧಿ ಒಟ್ಟಿಗೆ ಹಾಕಿ, ಹೀಟರನ್ನು 32 ಡಿಗ್ರಿಗೆ ಇಡಬೇಕಂತೆ.

ಮೀನಿನ ತೊಟ್ಟಿಯ ಬಗ್ಗೆ ಸ್ವಲ್ಪ ತಿಳಿದವರಿಗೂ ಇದನ್ನು ಓದಿದರೆ ಮೈ ಉರಿಯುತ್ತದೆ. ಮೀನು ಹೊರಹಾಕುವ ಅಮೋನಿಯಾ ಮೀನಿಗೇ ವಿಷ, ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಹೆಚ್ಚಾಗಿ ಇರೋದು ಆ ಸ್ಪಾಂಜಿನಲ್ಲೇ. ಕ್ಲೋರಿನ್ ಇರುವ ನಲ್ಲಿ ನೀರಲ್ಲಿ ಉಜ್ಜಿದರೆ ಅವು ಸಾಯುತ್ತವೆ. ಉಳಿದಿದ್ದನ್ನು ನೀಲಿ ಬಾಟ್ಲಿಯ ಮಿಥಿಲೀನ್ ಬ್ಲೂ ನೋಡಿಕೊಳ್ಳುತ್ತದೆ. ಮಿಥಿಲೀನ್ ಬ್ಲೂ ಕೆಟ್ಟದ್ದು ಅಂತ ಹೇಳ್ತಿಲ್ಲ, ಮೊಟ್ಟೆಗೆ ಬೂಸಲು ಹಿಡಿಯದ ಹಾಗೆ ಬೇರೆ ಡಬ್ಬದಲ್ಲಿ ಬಳಸಲು ಒಳ್ಳೆಯದೇ. ಓಡುತ್ತಿರುವ ಫಿಲ್ಟರ್ ಇರುವ ತೊಟ್ಟಿಗೆ ಸುರಿಯುವ ವಸ್ತು ಅದಲ್ಲ. ನಲ್ಲಿ ನೀರಿನ ಕ್ಲೋರಿನ್ ತೆಗೆಯುವ ದ್ರವದ ಬಗ್ಗೆ ಒಂದು ಮಾತೂ ಇಲ್ಲ. ಇನ್ನು 32 ಡಿಗ್ರಿ! ಗೋಲ್ಡ್‌ಫಿಷ್ ತಣ್ಣೀರಿನ ಮೀನು. 25 ಡಿಗ್ರಿಯ ಒಂದು ಲೀಟರ್ ನೀರು ಹಿಡಿದಿಡುವ ಆಮ್ಲಜನಕ ಸುಮಾರು 8.3 ಮಿಲಿಗ್ರಾಂ, 32 ಡಿಗ್ರಿಗೆ ಅದು 7.3ಕ್ಕೆ ಇಳಿಯುತ್ತದೆ. ಆ ಬಿಸಿಗೆ ಮೀನಿಗೆ ಬೇಕಾಗೋದು ಜಾಸ್ತಿ, ಸಿಗೋದು ಕಡಿಮೆ.

ಮೂರ್ನಾಲ್ಕು ದಿನಕ್ಕೆ ಮೂರೂ ಮೀನು ನೀರಿನ ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಅಕ್ಕ ಅಂಗಡಿಗೆ ಫೋನ್ ಮಾಡಿದರೆ, "ಡೋಸ್ ಸಾಲ್ತಿಲ್ಲ ಮೇಡಂ, ಡಬಲ್ ಹಾಕಿ" ಅಂತ ಉತ್ತರ. ಮೀನು ಮೇಲೆ ಬಂದು ಬಾಯಿ ಬಿಡುತ್ತಿದೆ ಅಂದರೆ ಅದಕ್ಕೆ ಉಸಿರು ಸಿಗುತ್ತಿಲ್ಲ ಅಂತ ಅರ್ಥ. ಆಗ ಮೊದಲು ಮಾಡಬೇಕಾದ್ದು ಸ್ವಲ್ಪ ನೀರು ಬದಲಿಸಿ ಗಾಳಿ ಕೊಡೋದು. ಡಬಲ್ ಡೋಸ್ ಬಿದ್ದ ರಾತ್ರಿ ಒಂದು ಹೋಯಿತು, ಬೆಳಿಗ್ಗೆ ಇನ್ನೊಂದು. ಆಮೇಲೆ ನನಗೆ ಫೋನ್ ಬಂತು.

ನಾನು ಹೋದಾಗ ನೀಲಿ, ಹಳದಿ ಸೇರಿ ನೀರು ಕಡು ಹಸಿರು. ಇಲ್ಲೊಂದು ವಿಷಯ ಗಮನಿಸಿ: ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ಟು ಇಂಥ ನೀರಲ್ಲಿ ಕೆಲಸಕ್ಕೆ ಬರಲ್ಲ, ಔಷಧಿಯ ಬಣ್ಣವೇ ಎದ್ದು ಕಾಣುತ್ತದೆ. ಅದಕ್ಕೇ ಟೆಸ್ಟ್ ಮಾಡೋದಿದ್ದರೆ ಔಷಧಿ ಹಾಕುವ ಮೊದಲು. ಹೀಟರ್ ಆಫ್ ಮಾಡಿ, ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಇಳಿಸಿ, ಕ್ಲೋರಿನ್ ತೆಗೆದ ನೀರಲ್ಲಿ ಅರ್ಧ ಬದಲಿಸಿ, ಫಿಲ್ಟರಿಗೆ ಆಕ್ಟಿವೇಟೆಡ್ ಕಾರ್ಬನ್ ಹಾಕಿದೆವು. ಕಾರ್ಬನ್ ಈ ಬಣ್ಣದ ಔಷಧಿಗಳನ್ನು ಹೀರಿಕೊಳ್ಳುತ್ತದೆ. ನೀರು ತಿಳಿಯಾದ ಮೇಲೆ ನೋಡಿದರೆ, ಅಷ್ಟು ನೀರು ಬದಲಿಸಿದ ಮೇಲೂ ಟೆಸ್ಟ್ ಕಿಟ್ಟಿನ ಅಮೋನಿಯಾ ಟ್ಯೂಬ್ ಅಚ್ಚ ಹಸಿರು, ಅಂದರೆ ಅಮೋನಿಯಾ ತುಂಬಾ ಜಾಸ್ತಿ, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 8ರ ಮೇಲೆ. ಪಿಎಚ್ ಯಾಕೆ ಹೇಳ್ತಿದ್ದೀನಿ ಅಂದ್ರೆ, 25 ಡಿಗ್ರಿಯಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ಮೀನಿಗೆ ಹೆಚ್ಚು ವಿಷವಾಗುವ ರೂಪ ಶೇ 1ಕ್ಕೂ ಕಡಿಮೆ, ಪಿಎಚ್ 8 ಆದರೆ ಅದು ಶೇ 5ರ ಮೇಲೆ, ನೀರು ಬಿಸಿಯಾದಷ್ಟೂ ಇನ್ನೂ ಏರುತ್ತದೆ. ಕ್ಲೋರಿನ್, ಅಮೋನಿಯಾ, ಬಿಸಿ ಎಲ್ಲಾ ಸೇರಿ ಆ ಎರಡನ್ನು ಮುಗಿಸಿದವು. ಬದುಕಿದ್ದು ಯಾವುದು ಗೊತ್ತಾ? ಅದೇ ಚುಕ್ಕೆಯ ಮೀನು. ಅಷ್ಟೆಲ್ಲಾ ಔಷಧಿ ಕುಡಿದರೂ ಚುಕ್ಕೆಗಳು ಇದ್ದಲ್ಲೇ ಇದ್ದವು.

ವ್ಯತ್ಯಾಸ ಗುರುತಿಸೋದು ಕಷ್ಟವೇನಲ್ಲ. ಬೆದೆಯ ಚುಕ್ಕೆ ಬರೋದು ಕಿವಿರಿನ ಮುಚ್ಚಳದ ಮೇಲೆ, ಮತ್ತೆ ಅದರ ಹಿಂದೆಯೇ ಇರುವ ಜೋಡಿ ರೆಕ್ಕೆಯ ಮುಂಭಾಗದ ಗಟ್ಟಿ ಕಡ್ಡಿಯ ಮೇಲೆ. ರೆಕ್ಕೆಯ ಮೇಲೆ ಸಾಲಾಗಿ ಜೋಡಿಸಿದಂತೆ ಕಾಣುತ್ತವೆ. ಮೈ, ಬಾಲ ಸ್ವಚ್ಛವಾಗಿರುತ್ತದೆ. ವಾರಗಟ್ಟಲೆ ಹಾಗೇ ಇದ್ದು ಕಾಲ ಮುಗಿದ ಮೇಲೆ ತಾವೇ ಹೋಗುತ್ತವೆ. ನಿಜವಾದ ವೈಟ್ ಸ್ಪಾಟ್ ಆದರೆ ಮೈ, ಬಾಲ, ರೆಕ್ಕೆ ಎಲ್ಲಾ ಕಡೆ ಪುಡಿ ಉಪ್ಪು ಉದುರಿಸಿದ ಹಾಗಿರುತ್ತದೆ. ಮೀನು ಕಲ್ಲಿಗೆ ಮೈ ಉಜ್ಜುತ್ತದೆ, ರೆಕ್ಕೆ ಮುದುರಿಕೊಳ್ಳುತ್ತದೆ, ಚುಕ್ಕೆ ದಿನದಿಂದ ದಿನಕ್ಕೆ ಜಾಗ ಬದಲಿಸುತ್ತದೆ, ಹೆಚ್ಚುತ್ತದೆ.

ನಿಜವಾಗಿ ವೈಟ್ ಸ್ಪಾಟೇ ಆದರೂ "ನಾಳೆ ಬೆಳಿಗ್ಗೆಗೆ ಎಲ್ಲಾ ಹೋಗ್ತವೆ" ಅನ್ನೋದು ಹೆದರಿಸಿ ಮಾರುವ ಮಾತು. ಅದು ಇಕ್ತಿಯೋಫ್ತಿರಿಯಸ್ ಅನ್ನುವ ಪರಾವಲಂಬಿ. ಚರ್ಮದೊಳಗೆ ಕೂತಿರುವಷ್ಟು ದಿನ ಅದಕ್ಕೆ ಔಷಧಿ ತಟ್ಟಲ್ಲ. ಬಲಿತು ಕೆಳಗೆ ಬಿದ್ದು, ತಳದಲ್ಲಿ ಅಂಟಿಕೊಂಡು, ಒಡೆದು ನೂರಾರು ಮರಿಯಾಗಿ ಇನ್ನೊಂದು ಮೀನು ಹುಡುಕುತ್ತಾ ಈಜುತ್ತದಲ್ಲ, ಆಗ ಮಾತ್ರ ಸಾಯುತ್ತದೆ. 25 ಡಿಗ್ರಿ ನೀರಲ್ಲಿ ಈ ಸುತ್ತು ಮುಗಿಯಲು ಸುಮಾರು ಒಂದು ವಾರ, ತಣ್ಣೀರಲ್ಲಿ ಇನ್ನೂ ಜಾಸ್ತಿ. ಅದಕ್ಕೇ ಚುಕ್ಕೆ ಮಾಯವಾದ ಮೇಲೂ ಕೆಲವು ದಿನ ಚಿಕಿತ್ಸೆ ಮುಂದುವರಿಸಬೇಕು. ನೀರು ಟೆಸ್ಟ್ ಮಾಡಿ ಯೋಚಿಸಲು ಒಂದು ಸಂಜೆಯಂತೂ ಇದ್ದೇ ಇರುತ್ತದೆ. ಬಿಸಿ ಮಾಡಿದರೆ ಎಲ್ಲಾ ರೋಗ ಹೋಗುತ್ತೆ ಅನ್ನೋದೂ ಸುಳ್ಳು. ಹತ್ತಿ ಅಂಟಿದ ಹಾಗೆ ಕಾಣುವ ಕಾಲಮ್ನಾರಿಸ್ ಅಂತೊಂದಿದೆ, ಬಹಳ ಜನ ಅದನ್ನು ಬೂಸಲು ಅಂದುಕೊಳ್ಳುತ್ತಾರೆ, ಅದು ಬ್ಯಾಕ್ಟೀರಿಯಾ, ಬಿಸಿ ನೀರಲ್ಲಿ ಇನ್ನೂ ಬೇಗ ಹರಡುತ್ತದೆ.

ಹಳದಿ ಪುಡಿ ಟೆಟ್ರಾಸೈಕ್ಲಿನ್ ಅಂತ ಅಂಗಡಿಯವನೇ ಆಮೇಲೆ ಒಪ್ಪಿಕೊಂಡ. ಅದು ಆಂಟಿಬಯೋಟಿಕ್, ಪರಾವಲಂಬಿ ಹೊಕ್ಕ ವೈಟ್ ಸ್ಪಾಟಿಗೆ ಅದರಿಂದ ಏನೂ ಆಗಲ್ಲ. ಗಡಸು ನೀರಲ್ಲಿ ಕ್ಯಾಲ್ಸಿಯಂ ಜೊತೆ ಕಟ್ಟಿಕೊಂಡು ಇದ್ದ ಶಕ್ತಿಯೂ ಕುಂದುತ್ತದೆ. ಮನುಷ್ಯರಿಗೇ ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಔಷಧಿಯನ್ನು ಮೀನಿಗೆ ಅಂತ ಹೆಸರೂ ಇಲ್ಲದ ಕವರಿನಲ್ಲಿ ಕೊಡುತ್ತಾರೆ ಅಂದರೆ ಏನು ಹೇಳೋದು. ಹೆಸರು, ಪ್ರಮಾಣ, ತಾರೀಖು ಬರೆದಿಲ್ಲದ ಯಾವುದನ್ನೂ ತರಬೇಡಿ. ಆ ದುಡ್ಡಿಗೆ ಅಮೋನಿಯಾ, ನೈಟ್ರೈಟ್ ನೋಡುವ ಕಿಟ್ ತನ್ನಿ. ಹತ್ತಿರದ ಪಶುವೈದ್ಯರಿಗೆ ಮೀನಿನ ಅನುಭವ ಇರಲಿಕ್ಕಿಲ್ಲ, ಆದರೂ ಕೇಳಿ ನೋಡಿ. 1969ರಿಂದ ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜು ಇದೆ, ಅಲ್ಲಿ ಓದಿದವರು ಯಾರಾದರೂ ಪರಿಚಯವಿದ್ದರೆ ಫೋಟೋದ ಜೊತೆ ಟೆಸ್ಟಿನ ಅಂಕಿಗಳನ್ನೂ ಕಳಿಸಿ. ಬರೀ ಫೋಟೋ ನೋಡಿ ರೋಗ ಹೇಳುವವರನ್ನು ನಂಬಬೇಡಿ, ಅದು ಯಾರೇ ಆಗಿರಲಿ.

ಅಕ್ಕ ಮತ್ತು ನಾನು ಅಂಗಡಿಗೆ ಹೋಗಿ ಕೇಳಿದ್ದೂ ಆಯಿತು. "ಮೀನು ಅಂದ್ಮೇಲೆ ಸಾಯ್ತವೆ ಸರ್, ಹೊಸ ಜೋಡಿ ಕಮ್ಮಿ ರೇಟಲ್ಲಿ ಹಾಕ್ಕೊಡ್ತೀನಿ" ಅಂದ. ಹುಡುಗನಿಗೆ ಆಸೆ, "ಮಾಮಾ, ಎರಡು ತರೋಣ ಮಾಮಾ" ಅಂತ ಒಂದೇ ಸಮ. ಸತ್ತ ಫಿಲ್ಟರ್ ಮತ್ತೆ ಪಳಗಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿವರೆಗೆ ಇರುವ ಒಂದು ಮೀನಿಗೇ ಕಮ್ಮಿ ಊಟ, ದಿನಾ ಸ್ವಲ್ಪ ಸ್ವಲ್ಪ ನೀರಿನ ಬದಲಾವಣೆ ನಡೀತಿದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸುವವರೆಗೆ ಹೊಸ ಮೀನು ತರಬೇಡ ಅಂತ ಅಕ್ಕನಿಗೆ ಹೇಳಿ ಬಂದಿದ್ದೀನಿ.